ನನ್ನ ಹೆಸರು ಅವಳ ಬಾಯಲ್ಲಿ

ನನ್ನ ಹೆಂಡತಿ ನನ್ನ ಹೆಸರು ಹೇಳುವುದಿಲ್ಲ. ಮದುವೆಯಾಗಿ ಐವತ್ತು ವರ್ಷವಾಗುತ್ತ ಬಂತು, ಅಪ್ಪಿತಪ್ಪಿಯೂ ಹೇಳಿದವಳಲ್ಲ. ಕುಂದಾಪುರದ ಕಡೆಯ ನಮ್ಮ ಮನೆಗಳಲ್ಲಿ ಆ ಕಾಲದ ಹೆಂಗಸರು ಯಾರೂ ಹೇಳುತ್ತಿರಲಿಲ್ಲ. ಗಂಡನ ಹೆಸರು ಬಾಯಿಗೆ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ನಂಬಿಕೆ. ಅವಳ ಓರಗೆಯವರೆಲ್ಲ ಮುಂಬಯಿಗೆ ಬಂದು ನಾಲ್ಕು ದಿನ ಕಳೆಯುವುದರೊಳಗೆ ಅದನ್ನು ಬಿಟ್ಟರು. ಇವಳು ಬಿಡಲಿಲ್ಲ. ನನ್ನ ಹೆಸರು ಒಬ್ಬ ದೇವರದೂ ಆಗಿರುವುದರಿಂದ ಅವಳ ಕಷ್ಟ ಇನ್ನಷ್ಟು. ಸಂಜೆ ದೀಪ ಹಚ್ಚಿ ಭಜನೆ ಹೇಳುವಾಗ ಆ ಹೆಸರು ಬಂದ ಜಾಗವನ್ನು ಮೂಗಿನಲ್ಲಿ ಗುಂಯ್ ಎನ್ನಿಸಿ ದಾಟಿಬಿಡುತ್ತಾಳೆ. ನಮ್ಮ ಬಿಲ್ಡಿಂಗಿನ ಎದುರಿನ ಕಿರಾಣಿ ಅಂಗಡಿಗೂ ಅದೇ ಹೆಸರು. ಅವಳ ಲೆಕ್ಕದಲ್ಲಿ ಅದು 'ಆ ಮೂಲೆ ಅಂಗಡಿ'. ನನ್ನನ್ನು ಕರೆಯಬೇಕಾದರೆ 'ಹ್ವಾಯ್' ಅನ್ನುತ್ತಾಳೆ, ಅಷ್ಟೆ.

ಇದರಿಂದ ನನಗೆ ಬೇಸರವೇ ಎಂದು ಕೇಳಿದರೆ, ಬೇಸರವಲ್ಲ, ಹೊಟ್ಟೆಕಿಚ್ಚು. ಲೋಕದ ಉಳಿದವರ ಹೆಸರೆಲ್ಲ ಅವಳ ನಾಲಗೆಯ ತುದಿಯಲ್ಲಿವೆ. ಮೀನು ಮಾರಲು ಬರುವವಳ ಹೆಸರು, ಅವಳ ಗಂಡನ ಹೆಸರು, ಟಿವಿ ಧಾರಾವಾಹಿಯಲ್ಲಿ ಎರಡನೇ ಮದುವೆಯಾದ ಖಳನಾಯಕನ ಹೆಸರು, ಎಲ್ಲ ಸಲೀಸು. ನಮ್ಮ ಕೆಳಗಿನ ಮಹಡಿಯಲ್ಲಿ ಒಬ್ಬ ಮುದುಕನಿದ್ದಾನೆ. ಅವನ ಹೆಂಡತಿ ಬಾಲ್ಕನಿಯಲ್ಲಿ ನಿಂತು ಇಡೀ ಹೌಸಿಂಗ್ ಸೊಸೈಟಿಗೆ ಕೇಳುವ ಹಾಗೆ ಅವನ ಹೆಸರು ಹಿಡಿದು ಕೂಗುತ್ತಾಳೆ. ಅವನು ತಿರುಗಿಯೂ ನೋಡುವುದಿಲ್ಲ. ಅಂಥ ಭಾಗ್ಯವಿದ್ದೂ ತಿರುಗಿ ನೋಡದ ಆ ಮನುಷ್ಯನನ್ನು ಕಂಡರೆ ನನಗಾಗದು.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಅಡುಗೆಮನೆಯಲ್ಲಿ ಬಿದ್ದಳು. ಗ್ಯಾಸ್ ಮುಗಿದಿತ್ತು. ತುಂಬಿದ ಸಿಲಿಂಡರನ್ನು ಒಂದು ಬದಿಗೆ ವಾಲಿಸಿ, ಅಂಚಿನ ಮೇಲೆ ಉರುಳಿಸಿಕೊಂಡು ಹೋಗುವುದು ಅವಳ ಹೆಮ್ಮೆಯ ವಿದ್ಯೆ. ಪರೇಲಿನ ಒಂದು ಕೋಣೆಯ ಚಾಳಿನಲ್ಲಿದ್ದಾಗ ಕಲಿತದ್ದು. ವಾಚ್‌ಮನ್ನನ್ನು ಕರೆಯುತ್ತೇನೆ ಎಂದೆ.

"ಅವ ಬಪ್ಪಲ್ಲಿವರೆಗೆ ಅನ್ನ ಕಾಯತ್ತಾ ಹ್ವಾಯ್?" ಎಂದು ಸೆರಗು ಸಿಕ್ಕಿಸಿಕೊಂಡಳು.

ಸಿಲಿಂಡರ್ ಜಾರಿತು, ಅದರ ಜೊತೆಗೆ ಅವಳೂ ಪಕ್ಕಕ್ಕೆ ಕುಸಿದಳು. ಸೊಂಟದ ಕೀಲಿನ ಮೂಳೆ ಮುರಿದಿತ್ತು. ಆಗ ಅವಳಿಗೆ ಎಪ್ಪತ್ತನಾಲ್ಕು, ನನಗೆ ಎಪ್ಪತ್ತೆಂಟು. ಮುಲುಂಡಿನ ನಮ್ಮ ಮನೆಯಿಂದ ಆಂಬುಲೆನ್ಸಿನಲ್ಲಿ ಪರೇಲಿನ ದೊಡ್ಡ ಆಸ್ಪತ್ರೆಗೆ ಸಾಗಿಸಿದೆವು. ಥಾಣೆಯಲ್ಲಿರುವ ಮಗಳು ಓಡಿ ಬಂದಳು.

ಸರ್ಜನ್ ಒಳ್ಳೆಯ ಮನುಷ್ಯ. ಕುರ್ಚಿ ಎಳೆದು ಕೂತು, ನಮಗೆ ಅರ್ಥವಾಗುವ ಹಾಗೆ ಹೇಳಿದರು. ಈ ವಯಸ್ಸಿನಲ್ಲಿ ಆಪರೇಷನ್ ಎಂದರೆ ಹೃದಯಕ್ಕೆ ಅಪಾಯ ಇದ್ದೇ ಇದೆ. ಆದರೆ ಮಾಡದೆ ಹಾಗೇ ಮಲಗಿಸಿದರೆ ಎದೆಯಲ್ಲಿ ಕಫ ಕಟ್ಟುತ್ತದೆ, ಬೆನ್ನು ಹುಣ್ಣಾಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಅದು ಇನ್ನೂ ಕೆಟ್ಟದ್ದು. ಮಾಡುವುದೇ ಸರಿ, ಬೇಗ ಮಾಡಬೇಕು. ನಾವು ಹೂಂ ಎಂದೆವು. ಆಮೇಲೆ ಅರಿವಳಿಕೆ ಕೊಡುವ ಡಾಕ್ಟರಮ್ಮ ಬಂದು ಇನ್ನೊಂದು ಮಾತು ಹೇಳಿದರು. ವಯಸ್ಸಾದವರಲ್ಲಿ ಕೆಲವರಿಗೆ ಆಪರೇಷನ್ ಆದ ಮೇಲೆ ಬುದ್ಧಿ ಕಲಕುತ್ತದೆಯಂತೆ. ಎಲ್ಲಿದ್ದೇವೆಂದು ತಿಳಿಯುವುದಿಲ್ಲ, ಮನೆಯವರ ಗುರುತು ಹತ್ತುವುದಿಲ್ಲ. ಹೆಚ್ಚಿನವರಿಗೆ ತಾನಾಗಿ ಸರಿಹೋಗುತ್ತದೆ, ಕೆಲವರು ಮಾತ್ರ ಮೊದಲಿನ ಹಾಗೆ ಆಗುವುದೇ ಇಲ್ಲ. ಬೇಗ ಗೊತ್ತಾದಷ್ಟೂ ಒಳ್ಳೆಯದು.

ಹೃದಯ ನಿಂತರೆ ಎಂಬ ಹೆದರಿಕೆಯನ್ನು ನಾನು ಹೇಗೋ ನುಂಗಿಕೊಂಡೆ. ಅವಳು ಕಣ್ಣು ಬಿಟ್ಟು ನನ್ನನ್ನೇ ನೋಡಿ, ನಾನು ಯಾರೆಂದು ತಿಳಿಯದೆ ಮಲಗಿರುತ್ತಾಳೆಂಬ ಹೆದರಿಕೆಯನ್ನು ಮಾತ್ರ ನುಂಗಲಾಗಲಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು. ಮರುದಿನ ಬೆಳಿಗ್ಗೆ ಆಸ್ಪತ್ರೆಯ ಕಾಫಿ ಒಂದು ಗುಟುಕು ಕುಡಿದು, "ಇದ್ ಕಾಫಿಯಾ, ಪಾತ್ರಿ ತೊಳ್ದ್ ನೀರಾ?" ಎಂದಳು. ದಾದರಿನ ಒಂದು ಉಡುಪಿ ಹೋಟೆಲಿನಲ್ಲಿ ವರ್ಷಗಟ್ಟಲೆ ಗಲ್ಲಾಪೆಟ್ಟಿಗೆಯ ಮುಂದೆ ಕೂತವನ ಹೆಂಡತಿ ಅವಳು. ಕಾಫಿಯ ವಿಷಯದಲ್ಲಿ ಯಾರಿಗೂ ಮಾಫಿ ಇಲ್ಲ. ಬುದ್ಧಿ ನೆಟ್ಟಗಿದೆ ಎಂದು ನನಗೆ ಸಮಾಧಾನವಾಯಿತು. ಅಂದಿನಿಂದ ನಾನೇ ಮನೆಯಲ್ಲಿ ಕಾಫಿ ಮಾಡಿ, ಫ್ಲಾಸ್ಕಿಗೆ ತುಂಬಿ, ಸ್ಲೋ ಲೋಕಲ್ ರೈಲು ಹಿಡಿದು ತರತೊಡಗಿದೆ.

ಆದರೆ ಸಿಸ್ಟರುಗಳಿಗೆ ಕಾಫಿಯ ಪರೀಕ್ಷೆ ಸಾಲದು. ಬುದ್ಧಿ ಕಲಕಿದೆಯೋ ಇಲ್ಲವೋ ನೋಡಲು ಪಾಳಿಗೊಬ್ಬರು ಬಂದು ಅವಳಿಗೆ ಮೂರು ಪ್ರಶ್ನೆ ಕೇಳುತ್ತಿದ್ದರು. ಎಲ್ಲಿದ್ದೀರಿ? "ಪರೇಲ್." ಇವತ್ತು ಯಾವ ವಾರ? "ಗುರುವಾರ, ಸಾಯಿಬಾಬನ ದಿನ." ಮೂರನೆಯದು, "ಆಜೀ, ಪತಿ ಕಾ ನಾಮ್?"

ಅವಳು ತುಟಿ ಬಿಗಿಹಿಡಿದು ಕಿಟಕಿಯ ಕಡೆ ನೋಡಿದಳು. ಸಿಸ್ಟರ್ ಕಿವಿಯ ಹತ್ತಿರ ಬಗ್ಗಿ ಗಟ್ಟಿಯಾಗಿ ಕೇಳಿದಳು. ಇವಳು ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡಳು. ಮೂರಕ್ಕೆ ಎರಡೇ ಉತ್ತರ. ತುಸು ಗೊಂದಲವಿದೆ ಎಂದಾಯಿತು. ಮಂಚದ ಎರಡೂ ಬದಿಯ ಕಂಬಿ ಏರಿಸಿದರು. ಹೀಗೇ ಇದ್ದರೆ ತಲೆಯ ಸ್ಕ್ಯಾನ್ ಮಾಡಿಸಬೇಕಾದೀತು ಎಂದರು. ನನ್ನ ಹೋಟೆಲ್ ಹಿಂದಿಯಲ್ಲಿ ನಮ್ಮ ಊರ ಪದ್ಧತಿ ವಿವರಿಸಿದೆ. ಸರ್ಜನ್ ನಕ್ಕು, ತಮ್ಮ ಅಜ್ಜಿಯೂ ಹಾಗೇ ಎಂದು ಹೇಳಿ ಹೋದರು. ಒಬ್ಬ ಮರಾಠಿ ಸಿಸ್ಟರ್, "ನಮ್ಮಲ್ಲಿ ಹೆಂಗಸರು ಮದುವೆಮನೆಯಲ್ಲಿ ಪದ್ಯ ಕಟ್ಟಿ ಗಂಡನ ಹೆಸರು ಹೇಳ್ತಾರೆ ಅಂಕಲ್, ಆಜಿಗೂ ಒಂದು ಉಖಾಣಾ ಕಲಿಸಿ" ಎಂದು ತಮಾಷೆ ಮಾಡಿದಳು. ಆದರೆ ಪಾಳಿ ಬದಲಾದ ಕೂಡಲೇ ಹೊಸಬಳು ಬಂದು ಅದೇ ಮೂರನೆಯ ಪ್ರಶ್ನೆ ಕೇಳುತ್ತಿದ್ದಳು. ಇವಳು ಅದೇ ಕಿಟಕಿ ನೋಡುತ್ತಿದ್ದಳು.

"ಒಂದ್ಸಲ ಹೇಳಿ ಮುಗಿಸು ಮಾರಾಯ್ತಿ" ಎಂದು ನಾನೂ ಬೇಡಿಕೊಂಡೆ.

"ನಿಮ್ಗ್ ಎಂತಾರೂ ಆರೆ?" ಎಂದಳು. ಮೂಳೆ ಮುರಿದು ಮಲಗಿದವಳು ಅವಳು, ಕಾಪಾಡಬೇಕಾದದ್ದು ನನ್ನ ಆಯುಷ್ಯ.

ಇಷ್ಟರಲ್ಲಿ ಅವನು ಬಂದ. ನಡೆದಾಡಿಸುವ ಫಿಸಿಯೋ. ಮೂವತ್ತರ ಆಸುಪಾಸು, ಕತ್ತರಿಸಿದ ಗಡ್ಡ, ತೋಳು ಬಿಗಿಯಾದ ಟೀಶರ್ಟು. ಅಪ್ಪ-ಅಮ್ಮ ಉಡುಪಿ ಕಡೆಯವರು, ಇವನು ಹುಟ್ಟಿ ಬೆಳೆದದ್ದು ಇಲ್ಲೇ. ಅವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ನನ್ನ ಹೆಸರಿಗೆ ಸಿಗದ ಮರ್ಯಾದೆ ಅವನ ಹೆಸರಿಗೇಕೆ? ಮೊದಲ ದಿನವೇ ಅವಳು ಅದನ್ನು ಬಾಯಿಗೆ ಹಾಕಿಕೊಂಡವಳು ಮತ್ತೆ ಕೆಳಗಿಡಲಿಲ್ಲ. ಬೆಳಿಗ್ಗೆ ನಾನು ಫ್ಲಾಸ್ಕ್ ಹಿಡಿದು ಬೆವರೊರೆಸಿಕೊಳ್ಳುತ್ತ ಒಳಗೆ ಹೋದರೆ, ಅವನ ಹೆಸರು ಹಿಡಿದು ಬಂದನೇ ಎಂದು ನನ್ನನ್ನೇ ಕೇಳುತ್ತಿದ್ದಳು.

ಸಂಜೆ ಹೊತ್ತು ಸೊಸೈಟಿಯ ಗಾರ್ಡನಿನಲ್ಲಿ ಎರಡು ಸುತ್ತು ಹಾಕು ಎಂದು ನಾನು ಅವಳಿಗೆ ವರ್ಷಗಳಿಂದ ಹೇಳಿ ಹೇಳಿ ಸೋತಿದ್ದೆ. ಇವನು ತನ್ನ ಕುಂಟು ಕನ್ನಡದಲ್ಲಿ "ಅಜ್ಜಿ, ಏಕ್ ಹೆಜ್ಜೆ, ಬಸ್" ಎಂದರೆ ಸಾಕು, ಎದ್ದು ಕೂರುತ್ತಿದ್ದಳು. ನೋವಿಗೆ ಮುಖ ಹಿಂಡಿಕೊಂಡರೂ ಅವನ ಕಡೆ ನೋಡಿ ನಗುತ್ತಿದ್ದಳು. ವಾಕರನ್ನು ಬಿಟ್ಟು ಅವನ ಮೊಣಕೈ ಹಿಡಿಯುತ್ತಿದ್ದಳು. ನಾನೂ ಒಂದು ಕೈ ಕೊಡೋಣ ಎಂದು ಮುಂದೆ ಹೋದೆ.

"ನಿಮ್ಗ್ ಗೊತ್ತಾತಿಲ್ಲ, ಬದಿಗ್ ನಿಲ್ಲಿ" ಎಂದಳು.

ಬದಿಗೆ ನಿಂತೆ. ನಡಿಗೆ ಮುಗಿದ ಮೇಲೆ ಫ್ಲಾಸ್ಕಿನ ಮುಚ್ಚಳದ ತುಂಬ ಕಾಫಿ ಬಗ್ಗಿಸಿ ಅವನಿಗೆ ಕೊಟ್ಟಳು. ಅದು ನಾನು ಕುಡಿಯುವ ಮುಚ್ಚಳ. ಅವನು ಸೊರ್ ಎಂದು ಕುಡಿದು, "ಫಸ್ಟ್ ಕ್ಲಾಸ್, ಅಜ್ಜಿ" ಎಂದು ಅವಳಿಗೆ ಥ್ಯಾಂಕ್ಸ್ ಹೇಳಿದ. ಮಾಡಿದವನು ನಾನು, ಹೊತ್ತು ತಂದವನು ನಾನು, ಹೊಗಳಿಕೆ ಅವಳಿಗೆ, ಕಾಫಿ ಅವನಿಗೆ.

ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ದಿನಾ ಗಡ್ಡ ಹೆರೆದುಕೊಳ್ಳತೊಡಗಿದೆ. ಇಸ್ತ್ರಿ ಮಾಡಿದ ಶರ್ಟು ಹಾಕಿದೆ. ಮಗಳು ನೋಡಿ, "ಪಪ್ಪಾ, ಯೇ ಕ್ಯಾ, ಮದುವೆಗೆ ಹೊರಟಿದ್ದೀರಾ?" ಎಂದಳು. ಅವಳ ಅಮ್ಮ ಮಾತ್ರ ನನ್ನ ಶರ್ಟನ್ನು ಕಣ್ಣೆತ್ತಿಯೂ ನೋಡಲಿಲ್ಲ.

ಮೂರನೆಯ ಪ್ರಶ್ನೆಯ ಸಂಗತಿ ಅವನ ಕಿವಿಗೂ ಬಿತ್ತು. ಮುಂಬಯಿಯಲ್ಲಿ ಬೆಳೆದವನಿಗೆ ಅದೆಲ್ಲ ಹೊಸದು. ಅವನಿಗೆ ಅದೊಂದು ಆಟ. "ಅಂಕಲ್, ನಾನು ಹೇಳಿಸ್ತೇನೆ, ದೇಖೋ" ಎಂದು ಕಣ್ಣು ಮಿಟುಕಿಸಿದ. ಐವತ್ತು ವರ್ಷದಲ್ಲಿ ನನ್ನಿಂದಾಗದ್ದನ್ನು ಇವನು ವಾರದಲ್ಲಿ ಮಾಡುತ್ತಾನಂತೆ! ಮೈ ಉರಿಯಿತು. ಅವತ್ತಿನಿಂದ ಪ್ರತಿ ಹೆಜ್ಜೆಗೂ ಅದೇ ಪೀಡನೆ. "ಅಜ್ಜಿ, ಪೂರಾ ಬೇಡ, ಪೆಹ್ಲಾ ಅಕ್ಷರ." ಅವಳು ಹೆಗಲ ಮೇಲಿನ ಟವೆಲಿನಿಂದ ಬಾಯಿ ಮುಚ್ಚಿಕೊಂಡು ನಗುವಳು. "ಹೋಗ್ ಮಗಾ, ನಾಚ್ಕಿ ಆತ್ತ್." ಅವಳು ಹಾಗೆ ನಕ್ಕದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ. ಮದುವೆಯಾದ ಹೊಸತರಲ್ಲಿ ನಗುತ್ತಿದ್ದಳೇನೋ. ಆಗ ನಾನು ಬೆಳಗಾಗುವ ಮೊದಲೇ ಹೋಟೆಲಿಗೆ ಹೋಗುತ್ತಿದ್ದೆ, ನೋಡಲು ಪುರಸೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಕುರ್ಲಾದ ಹತ್ತಿರ ಲೋಕಲ್ ನಿಂತುಬಿಟ್ಟು ನಾನು ತಡವಾಗಿ ಮುಟ್ಟಿದೆ. ವಾರ್ಡಿನಲ್ಲಿ ಅವಳ ಮಂಚದ ಸುತ್ತ ಪರದೆ ಎಳೆದಿತ್ತು. ಒಳಗೆ ಅವನ ದನಿ ಕೇಳಿಸುತ್ತಿತ್ತು. ಆಮೇಲೆ ಅವಳದು. ಅದೇ ಹೊತ್ತಿಗೆ ತಿಂಡಿಯ ಟ್ರಾಲಿ ತಟ್ಟೆಗಳನ್ನು ಗಲಗಲ ಎನ್ನಿಸುತ್ತ ನನ್ನ ಬೆನ್ನ ಹಿಂದೆ ಹಾದುಹೋಯಿತು. ಆ ಸದ್ದಿನ ನಡುವೆ ಅರ್ಧಂಬರ್ಧ ಕೇಳಿಸಿದ್ದು ನನ್ನ ಹೆಸರು.

"ಅರೇ ವಾಹ್ ಅಜ್ಜಿ!" ಅವನು ಚಪ್ಪಾಳೆ ತಟ್ಟಿದ. "ಸಿಸ್ಟರ್, ಸುನಾ? ಬೋಲ್ ದಿಯಾ!"

ಮೊದಲು ನನಗಾದದ್ದು ಶುದ್ಧ ಹೊಟ್ಟೆಕಿಚ್ಚು. ಕೊಟ್ಟೇಬಿಟ್ಟಳು. ಅದೂ ಇವನಿಗೆ. ಸಹಸ್ರ ಸಲ ಗುಂಯ್ ಎಂದು ದಾಟಿದ್ದನ್ನು ಈ ಗಡ್ಡದವನ ಮುಂದೆ ಸಲೀಸಾಗಿ ಹೇಳಿದಳು. ಫ್ಲಾಸ್ಕನ್ನು ಅಲ್ಲೇ ಕುರ್ಚಿಯ ಮೇಲಿಟ್ಟು ಸ್ಟೇಷನ್ನಿಗೆ ವಾಪಸು ಹೋಗಿಬಿಡೋಣ ಅನ್ನಿಸಿತು. ನಿಜವಾಗಿ ಎರಡು ಹೆಜ್ಜೆ ಹಿಂದಕ್ಕೂ ಸರಿದೆ.

ಆಗ ತಲೆಗೆ ಹೊಳೆಯಿತು. ಸ್ಕ್ಯಾನ್ ಮಾಡುತ್ತೇವೆಂದು ಹೆದರಿಸಿದರೂ ಹೇಳದವಳು, ನಾನು ಕೈ ಮುಗಿದರೂ ಹೇಳದವಳು, ಇವತ್ತು ಯಾಕೆ ಹೇಳಿದಳು?

ಪರದೆ ಸರಿಸಿದೆ. ಅವನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ನನ್ನನ್ನು ನೋಡಿದಳು. ಬೇರೆ ಮನೆಯ ಬಾಗಿಲು ಎಂದು ನಮ್ಮ ಬಾಗಿಲು ತಟ್ಟಿದವರನ್ನು ನೋಡುವ ನೋಟ. ಟವೆಲನ್ನು ಮರ್ಯಾದೆಯಿಂದ ಹೆಗಲ ತುಂಬ ಹೊದ್ದುಕೊಂಡಳು.

"ಇವ್ರ್ ಯಾರ್ ಮಗಾ? ಮೀಟರ್ ಕಾಂಬುಕ್ ಬಂದವ್ರಾ?" ಎಂದು ಅವನನ್ನು ಕೇಳಿದಳು. ಆಮೇಲೆ ನನಗೆ, "ನಮ್ಮನಿಯವ್ರ್ ಹೋಟ್ಲಿಗ್ ಹೋಯಿರ್. ಆಮೇಲ್ ಬನ್ನಿ" ಎಂದಳು.

ತಮಾಷೆ ಮಾಡುತ್ತಿದ್ದಾಳೆಂದು ಅವನು ನಕ್ಕ. ನಾನು ಸಿಸ್ಟರಿನ ಮೇಜಿಗೆ ಓಡಿದೆ. ಓಡಿದೆ ಎಂದರೆ ಎಪ್ಪತ್ತೆಂಟರ ಓಟ.

"ಸಿಸ್ಟರ್, ಅವಳ ತಲೆ ಸರಿಯಿಲ್ಲ. ಡಾಕ್ಟರನ್ನು ಕರೀರಿ."

"ಅಂಕಲ್, ಆಜ್ ತೋ ನಾಮ್ ಬತಾಯಾ! ಏಕ್‌ದಮ್ ಠೀಕ್ ಹೈ."

"ಹೆಸರು ಹೇಳಿದಳು, ಅದಕ್ಕೇ ಸರಿಯಿಲ್ಲ ಅಂತ ಹೇಳ್ತಿರೋದು!"

ಅವಳು ಹೊಸ ಪಾಳಿಯ ಹುಡುಗಿ. ನನ್ನನ್ನು ಮೇಲಿಂದ ಕೆಳಗೆ ನೋಡಿ, ಒಂದು ಲೋಟ ನೀರು ಕೊಟ್ಟು, ಮೆಲ್ಲನೆ "ಅಂಕಲ್, ಆಜ್ ಕೌನ್‌ಸಾ ದಿನ್ ಹೈ?" ಎಂದು ನನಗೇ ಪರೀಕ್ಷೆ ಶುರು ಮಾಡಿದಳು.

ಕೊನೆಗೆ ನನ್ನ ಮಾತು ನಂಬಿದವನೂ ಅವನೇ. ಅದನ್ನು ಬರೆಯಲು ನನಗೆ ಖುಷಿಯಿಲ್ಲ, ಆದರೆ ನಡೆದದ್ದು ಹಾಗೆ. ಅವನ ನಗು ನಿಂತಿತ್ತು. ಅವಳ ಕೈ ಬಿಸಿಯಾಗಿರುವುದನ್ನೂ, ಬೆರಳುಗಳು ಸುಮ್ಮನೆ ಹೊದಿಕೆಯ ದಾರ ಕೀಳುತ್ತಿರುವುದನ್ನೂ ಗಮನಿಸಿದ್ದ. "ಅಜ್ಜಿ, ನಾವೀಗ ಎಲ್ಲಿದ್ದೇವೆ?" ಎಂದು ಕೇಳಿದ.

"ಕುಂದಾಪ್ರ ಬಸ್‌ಸ್ಟ್ಯಾಂಡ್ ಅಲ್ದಾ?" ಎಂದಳು.

ಅವನು ಡಾಕ್ಟರನ್ನು ಎಳೆದುಕೊಂಡೇ ಬಂದ. ರಕ್ತ ತೆಗೆದರು, ಮೂತ್ರ ಪರೀಕ್ಷೆಗೆ ಕಳಿಸಿದರು. ಮೂತ್ರದಲ್ಲಿ ಸೋಂಕು, ರಕ್ತದಲ್ಲಿ ಸೋಡಿಯಂ ತೀರ ಇಳಿದಿತ್ತು. ಕೂಗಾಡುವವರನ್ನು ಯಾರಾದರೂ ಗಮನಿಸುತ್ತಾರೆ, ಹೀಗೆ ಮೆತ್ತಗೆ ದಾರಿ ತಪ್ಪುವವರನ್ನು ಗಮನಿಸುವುದು ತಡವಾಗುತ್ತದೆ, ಬೇಗ ಸಿಕ್ಕಿದ್ದು ಒಳ್ಳೆಯದಾಯಿತು ಎಂದರು ಡಾಕ್ಟರು, ಅವನ ಬೆನ್ನು ತಟ್ಟಿದರು. "ಮೈನೇ ನಹೀ ಸರ್, ಅಂಕಲ್ ನೇ ಪಕಡಾ" ಎಂದು, ಹಿಡಿದದ್ದು ನಾನೆಂದು ಅವನು ನನ್ನನ್ನು ತೋರಿಸಿದ. ಅಷ್ಟು ಒಳ್ಳೆಯವನಾಗಿರುವುದಕ್ಕೂ ನನಗೆ ಅವನ ಮೇಲೆ ಸಿಟ್ಟು ಬಂತು.

ಆಮೇಲಿನ ದಿನಗಳನ್ನು ನಾನು ಮೀಟರ್ ನೋಡುವವನಾಗಿ ಕಳೆದೆ. ಡ್ರಿಪ್ ಹನಿಯುತ್ತಿತ್ತು, ಅವಳು ನಿದ್ದೆ ಮಾಡುತ್ತಿದ್ದಳು, ಎದ್ದರೆ ಬಸ್ಸು ಬಂತೇ ಎಂದು ಕೇಳುತ್ತಿದ್ದಳು. ಒಂದು ಮಧ್ಯಾಹ್ನ ಫಿಸಿಯೋನ ಕೈ ಹಿಡಿದು, ಹೋಟೆಲಿಗೆ ಯಾರ ಹತ್ತಿರವಾದರೂ ಹೇಳಿ ಕಳಿಸು, ಇವತ್ತು ಬಂಗುಡೆ ಸಾರು ಮಾಡಿದ್ದೇನೆ, ತಡಮಾಡದೆ ಬರಲಿ ಎಂದಳು. ನಾನು ಇಲ್ಲೇ ಇದ್ದೇನಲ್ಲ ಮಾರಾಯ್ತಿ, ಎಂದು ಹತ್ತಿರ ಹೋದೆ.

"ನಿಮ್ಗಲ್ಲ" ಎಂದಳು.

ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಚಿಲ್ಲರೆ ಎಣಿಸುತ್ತಿದ್ದ ಆ ಕಪ್ಪು ಕೂದಲಿನವನ ಮೇಲೆ, ತನಗಾಗಿ ಯಾರೋ ಸಾರು ಬಿಸಿಯಿಟ್ಟು ಕಾಯುತ್ತಿದ್ದಾರೆಂದು ಒಂದು ದಿನವೂ ಯೋಚಿಸದ ಆ ಅದೃಷ್ಟವಂತನ ಮೇಲೆ ನನಗಾದಷ್ಟು ಹೊಟ್ಟೆಕಿಚ್ಚು ಫಿಸಿಯೋನ ಮೇಲೂ ಆಗಿರಲಿಲ್ಲ. ಅವನು ನಾನೇ ಎಂಬುದರಿಂದ ಏನೂ ಸಮಾಧಾನವಾಗಲಿಲ್ಲ.

ಔಷಧಿ ಹಿಡಿಯಿತು. ಒಂದು ಬೆಳಿಗ್ಗೆ ಕಾಫಿ ಬಗ್ಗಿಸಿ ಕೊಟ್ಟೆ. ಕುಡಿದು ಮುಖ ಸಿಂಡರಿಸಿದಳು. "ಹ್ವಾಯ್, ಸಕ್ರಿ ಹಾಕುಕ್ ಮರ್ತ್ರ್ಯಾ?" ನಾನು ಕಾರಿಡಾರಿಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ನಿಂತು ಅತ್ತೆ. ಮುಖ ಒರೆಸಿಕೊಂಡು ಬರುವಷ್ಟರಲ್ಲಿ ಸಿಸ್ಟರ್ ಪ್ರಶ್ನೆ ಕೇಳುತ್ತಿದ್ದಳು, ನನಗೆ ನೀರು ಕೊಟ್ಟವಳೇ. ಎಲ್ಲಿದ್ದೀರಿ? ಪರೇಲ್. ಯಾವ ವಾರ? ಹೇಳಿದಳು. "ಪತಿ ಕಾ ನಾಮ್?" ತುಟಿ ಬಿಗಿದು ಕಿಟಕಿಯ ಕಡೆ ತಿರುಗಿದಳು. ಸಿಸ್ಟರ್ ನನ್ನ ಕಡೆ ನೋಡಿ ನಕ್ಕು, "ಠೀಕ್ ಹೈ" ಎಂದು ಬರೆದುಕೊಂಡಳು.

ಈಗ ಮನೆಯಲ್ಲಿದ್ದೇವೆ. ಕೋಲು ಹಿಡಿದು ಅಡುಗೆಮನೆಯವರೆಗೆ ಹೋಗಿ ಬರುತ್ತಾಳೆ. ಸಿಲಿಂಡರಿನ ವಿದ್ಯೆ ಮುಗಿಯಿತು. ಮೊದಲಿನ ಹಾಗೇ ಆದಳೇ ಎಂದರೆ, ಪೂರ್ತಿ ಇಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕುತ್ತಾಳೆ, ಹೇಳಿದ್ದನ್ನೇ ಹೇಳುತ್ತಾಳೆ. ಆಸ್ಪತ್ರೆಯ ಆ ದಿನಗಳು ಅವಳಿಗೆ ನೆನಪಿಲ್ಲ. ತಾನು ಬಾಯಿಬಿಟ್ಟು ಏನು ಹೇಳಿದೆ ಎಂಬುದನ್ನು ಯಾರೂ ಅವಳಿಗೆ ತಿಳಿಸಿಲ್ಲ. ತಿಳಿದರೆ ನನ್ನ ಆಯುಷ್ಯದ ಚಿಂತೆಯಲ್ಲಿ ಊಟ ಬಿಟ್ಟಾಳು. ಅದು ಮತ್ತೊಮ್ಮೆ ಅವಳ ಬಾಯಿಂದ ಬರುವುದು ನನಗೂ ಬೇಡ. ಬಂದರೆ ಅದರ ಅರ್ಥ ಏನೆಂದು ಈಗ ಗೊತ್ತಿದೆ. ಭಜನೆಯ ಹೊತ್ತಿಗೆ ನಾನು ಟಿವಿಯ ದನಿ ತಗ್ಗಿಸಿ ಕಿವಿಗೊಟ್ಟು ಕೂರುತ್ತೇನೆ. ಆ ಜಾಗದಲ್ಲಿ ಗುಂಯ್ ಎಂದರೆ ಉಸಿರು ಬಿಡುತ್ತೇನೆ.

ಆದರೆ ಆಸೆ ಎಂಬುದು ಹೋಗುವುದಿಲ್ಲ. ಫಿಸಿಯೋ ಮನೆಗೂ ಬರುತ್ತಿದ್ದ. ಅವನು ಅವಳನ್ನು ಹಾಲ್‌ನಲ್ಲಿ ನಡೆದಾಡಿಸುವಾಗ ನಾನು ಪೇಪರ್ ಹಿಡಿದು ಕೂತು ಒಂದೇ ವಿಷಯ ಯೋಚಿಸುತ್ತಿದ್ದೆ. ನನ್ನ ಹೆಸರು ಅವಳ ದನಿಯಲ್ಲಿ ಹೇಗಿರುತ್ತದೆಂದು ಸರಿಯಾಗಿ ಕೇಳಿಸಿಕೊಂಡವನು ಇಡೀ ಲೋಕದಲ್ಲಿ ಇವನೊಬ್ಬನೇ. ನನ್ನ ಪಾಲಿಗೆ ಬಂದದ್ದು ತಟ್ಟೆಗಳ ಸದ್ದು.

ಹೋದ ತಿಂಗಳು ಅವನು, ಇನ್ನು ತಾನು ಬರಬೇಕಾಗಿಲ್ಲ, ಅಜ್ಜಿ ಫಸ್ಟ್ ಕ್ಲಾಸ್ ಎಂದ. ಅವಳು ಕಣ್ಣಲ್ಲಿ ನೀರು ತಂದುಕೊಂಡು ಅವನ ಹೆಸರು ಹಿಡಿದು ಹರಸಿದಳು. ಯಾವತ್ತೂ ಕುರ್ಚಿಯಿಂದ ಏಳದ ನಾನು ಅವತ್ತು ಎದ್ದು, ಬಾಗಿಲನ್ನು ಹಿಂದೆ ಎಳೆದುಕೊಂಡು, ಅವನ ಜೊತೆ ಲಿಫ್ಟಿನವರೆಗೆ ಹೋದೆ. ಅವನು ಬಟನ್ ಒತ್ತಿದ. ಲಿಫ್ಟ್ ಬರುವುದರೊಳಗೆ ಕೇಳಿಬಿಟ್ಟೆ.

"ಅವತ್ತು ಆಸ್ಪತ್ರೆಯಲ್ಲಿ… ಅವಳು ಅದನ್ನು ಹೇಗೆ ಹೇಳಿದಳು?"

ಅವನಿಗೆ ಅರ್ಥವಾಯಿತು. ನಗಲಿಲ್ಲ. ಒಮ್ಮೆ ನಮ್ಮ ಮುಚ್ಚಿದ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದ. ಅವನ ಮುಂಬಯಿ ಉಚ್ಚಾರದಲ್ಲಲ್ಲ, ಅವಳ ಹಾಗೆ, ನಡುವೆ ಒಂದಿಷ್ಟು ಎಳೆದು, ಕೊನೆಯ ಅಕ್ಷರವನ್ನು ಅರ್ಧಕ್ಕೇ ಬಿಟ್ಟು. ಹೊಸ ಮದುಮಗಳು ಗುಟ್ಟಾಗಿ ಹೇಳಿಕೊಳ್ಳುವ ಹಾಗಿತ್ತು.

ಲಿಫ್ಟ್ ಬಂದು ಬಾಗಿಲು ತೆರೆದುಕೊಂಡಿತು. ನಾನು ಅವನ ಮೊಣಕೈ ಹಿಡಿದುಕೊಂಡೆ.

"ಇನ್ನೊಂದು ಸಲ ಹೇಳು" ಎಂದೆ.